ಹಗ್ಗದ ಇನ್ನೊಂದು ತುದಿ

(ನಮ್ಮ ಕನ್ನಡ ಕಾರ್ಯಕ್ರಮದಲ್ಲಿ ಆಡಿದ ಮಾತಿನ ಪಠ್ಯ)



ರೇಡಿಯೋದಲ್ಲಿ ಗಡಿಯಾರದ ಮುಳ್ಳು ನೋಡುತ್ತಾ ಆಡಿದ ಮಾತನ್ನು ಇಲ್ಲಿ ಸ್ವಲ್ಪ ಕೈಕಾಲು ಚಾಚಿ ಹೇಳುತ್ತೇನೆ. ವಿಷಯ ಬಂಡೆ ಹತ್ತುವವರದ್ದು. ಕಾಚಿಗೂಡದಿಂದ ಬೇಗಂಪೇಟೆಗೆ ಬರುವಷ್ಟರಲ್ಲೇ ಸುಸ್ತಾಗುವ ನಮಗೂ ಬಂಡೆ ಹತ್ತುವವರಿಗೂ ಏನಪ್ಪಾ ನಂಟು ಎಂದು ಕೇಳಬೇಡಿ. ಈ ಊರು ನಿಂತಿರುವುದೇ ಬಂಡೆಯ ಮೇಲೆ. ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟ್. ಭಾನುವಾರ ಬೆಳಿಗ್ಗೆ ಖಾಜಾಗುಡದ ಕಡೆ ಹೋದರೆ ಹೈಟೆಕ್ ಸಿಟಿಯ ಹುಡುಗ ಹುಡುಗಿಯರು ಕೈಗೆ ಬಿಳಿ ಪುಡಿ ಹಚ್ಚಿಕೊಂಡು ಹಲ್ಲಿಯ ಹಾಗೆ ಕಲ್ಲಿಗೆ ಅಂಟಿರುವುದು ಕಾಣುತ್ತದೆ. ಅವರಲ್ಲಿ ನಮ್ಮ ಕಲಬುರಗಿ, ರಾಯಚೂರಿನವರೂ ಇದ್ದಾರೆ. ಕಾರ್ಯಕ್ರಮಕ್ಕೆಂದು ಅಂಥವರನ್ನು ಮಾತನಾಡಿಸಿದಾಗ ಒಂದು ವಿಷಯ ಸ್ಪಷ್ಟವಾಯಿತು. ಈ ಜನ ಹತ್ತುವುದಕ್ಕಿಂತ ಹೆಚ್ಚಾಗಿ ವಾದ ಮಾಡುತ್ತಾರೆ! ಯಾವ ಗಂಟು ಸರಿ, ಬಂಡೆಗೆ ಮೊಳೆ ಹೊಡೆಯಬಹುದೇ, ಹಗ್ಗ ಬೇಕೇ ಬೇಡವೇ ಎಂದು ಶುರುವಾದದ್ದು ಆಸ್ಪತ್ರೆ, ಕೋರ್ಟು, ಸರ್ಕಾರದವರೆಗೆ ಹೋಗಿ ನಿಲ್ಲುತ್ತದೆ. ರಾಜಕೀಯ ನಮಗೆ ಬೇಡ, ನಾವು ಕಲ್ಲು ಹತ್ತುವವರು ಅಷ್ಟೆ ಎನ್ನುವವರೂ ಅವರಲ್ಲಿ ಉಂಟು. ಈ ಕೊನೆಯ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ಯಾಕೆ ಎಂದು ಹೇಳಬೇಕಾದರೆ ನೀಲಗಿರಿಗೆ ಹೋಗಬೇಕು.

ನೀಲಗಿರಿಯ ಕುರುಂಬರು ಕಡಿದಾದ ಬಂಡೆಗಳಲ್ಲಿ ಕಟ್ಟಿದ ಹೆಜ್ಜೇನು ತೆಗೆಯುವವರು. ಕಾಡಿನ ಬಳ್ಳಿಯಿಂದ ಹೆಣೆದ ಏಣಿಯನ್ನು ಮೇಲಿನ ಮರಕ್ಕೆ ಕಟ್ಟಿ, ಅದರಲ್ಲಿ ನೇತಾಡುತ್ತಾ ಇಳಿದು, ಹೊಗೆ ಹಾಕಿ ಜೇನು ಕೊಯ್ಯುತ್ತಾರೆ. ಮೇಲೆ ಬಳ್ಳಿ ಕಾಯುವವನು ಯಾರು? ಅಣ್ಣತಮ್ಮಂದಿರಲ್ಲ, ಭಾವಮೈದುನ. ಹೆಂಡತಿಯ ಒಡಹುಟ್ಟಿದವನು. ಈ ವಾಡಿಕೆಯನ್ನು ಆ ಭಾಗದ ಬಗ್ಗೆ ಬರೆದವರು ದಾಖಲಿಸಿದ್ದಾರೆ. ಕಾರಣ ಸರಳ. ತನ್ನ ತಂಗಿ ವಿಧವೆಯಾಗುವುದನ್ನು ಯಾವ ಅಣ್ಣನೂ ಬಯಸುವುದಿಲ್ಲ. ಸ್ವಂತ ಅಣ್ಣತಮ್ಮನಾದರೆ ಆಸ್ತಿಯ ಆಸೆ, ಇನ್ನೊಂದು ಆಸೆ, ಹೇಳಲಾಗದು!

ಹಗ್ಗದ ವಿದ್ಯೆ ಪೂರಾ ಇದರಲ್ಲೇ ಇದೆ ಎನ್ನಬಹುದು. ಹಗ್ಗ ಎಷ್ಟು ಗಟ್ಟಿ ಎನ್ನುವುದು ಆಮೇಲಿನ ಮಾತು. ಇನ್ನೊಂದು ತುದಿ ಯಾರ ಕೈಯಲ್ಲಿದೆ, ನೀನು ಬಿದ್ದರೆ ಅವನಿಗೇನು ನಷ್ಟ, ಇದು ಮೊದಲ ಪ್ರಶ್ನೆ.

ಈಗಿನ ಹಗ್ಗದ ಕಥೆ ಸ್ವಲ್ಪ ಕೇಳಿ. ಸೆಣಬು, ಕತ್ತಾಳೆ ಹಗ್ಗಗಳ ಕಾಲದಲ್ಲಿ ಬಿದ್ದರೆ ಹಗ್ಗ ತುಂಡಾಗುತ್ತಿತ್ತು, ಇಲ್ಲವೇ ಸೊಂಟ ಮುರಿಯುತ್ತಿತ್ತು. ಎರಡನೇ ಮಹಾಯುದ್ಧದ ಹೊತ್ತಿಗೆ ನೈಲಾನ್ ಬಂತು. 1953ರಲ್ಲಿ ಜರ್ಮನಿಯ ಎಡೆಲ್‌ರಿಡ್ ಕಂಪನಿ ಒಳಗೆ ಎಳೆಗಳ ತಿರುಳು, ಹೊರಗೆ ನೇಯ್ದ ಹೊದಿಕೆ ಇರುವ ಹಗ್ಗ ತಂದಿತು. ಇವತ್ತಿಗೂ ಅದೇ ಮಾದರಿ. ಇದರ ಗುಣ ಹಿಗ್ಗುವುದು. ಬಿದ್ದವನನ್ನು ಗಕ್ಕನೆ ತಡೆಯುವುದಿಲ್ಲ, ರಬ್ಬರಿನಂತೆ ಎಳೆದುಕೊಂಡು ನಿಧಾನವಾಗಿ ನಿಲ್ಲಿಸುತ್ತದೆ. ಬಾವಿಯ ಹಗ್ಗ ಕಟ್ಟಿಕೊಂಡು ಬಂಡೆ ಹತ್ತಬಾರದು ಎನ್ನುವುದು ಇದಕ್ಕೇ. ಹಗ್ಗ ತಡೆದುಕೊಂಡರೂ ನಿಮ್ಮ ಬೆನ್ನೆಲುಬು ತಡೆದುಕೊಳ್ಳುವುದಿಲ್ಲ.

ಹತ್ತುವ ಬಗೆ ಮುಖ್ಯವಾಗಿ ಎರಡು. ಮೊದಲೇ ಬೇರೆ ದಾರಿಯಲ್ಲಿ ತುದಿಗೆ ಹೋಗಿ ಹಗ್ಗವನ್ನು ಮೇಲಿಂದ ಇಳಿಬಿಡುವುದು ಒಂದು. ಇದಕ್ಕೆ ಟಾಪ್ ರೋಪ್ ಎನ್ನುತ್ತಾರೆ. ಜಾರಿದರೆ ಗೇಣಿನಷ್ಟು ಕೆಳಗೆ ಬರುತ್ತೀರಿ, ಅಷ್ಟೆ. ಇನ್ನೊಂದು ಲೀಡ್. ಹತ್ತುವವನು ಹಗ್ಗವನ್ನು ಕೆಳಗಿನಿಂದ ತನ್ನ ಜೊತೆ ಒಯ್ಯುತ್ತಾ, ಬಂಡೆಗೆ ಕೂರಿಸಿದ ಬೋಲ್ಟಿಗೆ ಕೊಂಡಿ ಹಾಕಿ ಹಗ್ಗ ಸಿಕ್ಕಿಸುತ್ತಾ ಮೇಲೇರಬೇಕು. ಇಲ್ಲಿ ಲೆಕ್ಕ ಬೇರೆ. ಕೊನೆಯ ಬೋಲ್ಟಿನಿಂದ ಎರಡು ಮೀಟರ್ ಮೇಲಿದ್ದಾಗ ಕೈ ಬಿಟ್ಟರೆ ಬೀಳುವುದು ಎರಡಲ್ಲ, ನಾಲ್ಕು ಮೀಟರ್. ಹಗ್ಗದ ಹಿಗ್ಗು ಬೇರೆ. ಮಾಗಡಿಯ ಸಾವನದುರ್ಗ ಗೊತ್ತಲ್ಲ? ಬೋಳು ತಲೆಯಂಥ ಒಂದೇ ಕಲ್ಲಿನ ಬೆಟ್ಟ. ಅಲ್ಲಿ ‘ಬೆಳದಿಂಗಳು’ ಎಂಬ ಹೆಸರಿನ ದಾರಿಯೊಂದಿದೆ. ಆರೋಹಿಗಳು ಇಟ್ಟ ಕನ್ನಡದ ಹೆಸರು. ಅಂಥ ಜಾರುಬಂಡೆಗಳಲ್ಲಿ ಬೋಲ್ಟುಗಳು ದೂರದೂರ. ಹಿಡಿಯಲು ಏನೂ ಇಲ್ಲ, ಬೂಟಿನ ರಬ್ಬರನ್ನು ನಂಬಿ ನಡೆಯಬೇಕು. ಹೆಸರು ಮಾತ್ರ ಎಷ್ಟು ತಂಪು, ನೋಡಿ!

ಕೆಳಗೆ ನಿಂತು ಹಗ್ಗ ಬಿಡುತ್ತಾ, ಬಿಗಿಯುತ್ತಾ ಇರುವ ಕೆಲಸಕ್ಕೆ ಬಿಲೇ ಎಂದು ಹೆಸರು. ಇಲ್ಲಿ ಎರಡು ಪಂಗಡ. 1991ರಲ್ಲಿ ಪೆಟ್ಜೆಲ್ ಕಂಪನಿ ಗ್ರಿಗ್ರಿ ಎಂಬ ಸಾಧನ ತಂದಿತು. ಹಗ್ಗ ರಭಸದಿಂದ ಎಳೆದರೆ ಒಳಗಿನ ಗಾಲಿ ತಾನೇ ತಿರುಗಿ ಹಗ್ಗವನ್ನು ಕಚ್ಚಿ ಹಿಡಿಯುತ್ತದೆ. ಹಳಬರು, ಇದು ಬಂದ ಮೇಲೆ ಕೆಳಗಿನವನ ಕೈ ನಿದ್ದೆ ಮಾಡುತ್ತದೆ, ಸಾದಾ ಕೊಳವೆಯೇ ವಾಸಿ, ಕೈ ಎಚ್ಚರವಾಗಿರುತ್ತದೆ ಎನ್ನುತ್ತಾರೆ. ಹೊಸಬರು, ಮೇಲಿಂದ ಕಲ್ಲು ಬಿದ್ದು ಹಿಡಿದವನೇ ಮೂರ್ಛೆ ಹೋದರೆ ಏನು ಗತಿ ಎಂದು ಕೇಳುತ್ತಾರೆ. ನನಗೆ ಹೊಸಬರ ಮಾತು ಹಿಡಿಸಿತು. ಆದರೆ ಇಬ್ಬರೂ ಒಪ್ಪುವ ನಿಯಮ ಒಂದೇ. ತಡೆಯುವ ಕೈಯನ್ನು ಹಗ್ಗದಿಂದ ಎಂದೂ ತೆಗೆಯಬಾರದು. ಮೂಗು ತುರಿಸಿದರೂ, ಫೋನು ಬಂದರೂ!

ಮೈಕಿನ ಮುಂದೆ ಕೂರುವ ನನ್ನ ಕಿವಿಗೆ ಬಿದ್ದ ಇನ್ನೊಂದು ಸಂಗತಿ ಅವರ ಕೂಗು. ಮೇಲಿನವನು ಹಗ್ಗ ಬಿಗಿ ಬೇಕಾದರೆ ‘ಟೇಕ್’ ಎನ್ನಬೇಕು, ಸಡಿಲ ಬೇಕಾದರೆ ‘ಸ್ಲಾಕ್’. ‘ಟೇಕ್ ಅಪ್ ಸ್ಲಾಕ್’ ಎಂದು ಉದ್ದ ಮಾಡಬಾರದೆಂದು ಕಲಿಸುವವರು ಎಚ್ಚರಿಸುತ್ತಾರೆ. ಗಾಳಿಯಲ್ಲಿ ಮೊದಲ ಪದ ಹಾರಿಹೋಗಿ ಕೊನೆಯದು ಮಾತ್ರ ಕೇಳಿದರೆ ಕೆಳಗಿನವನು ಬಿಗಿಯುವ ಬದಲು ಸಡಿಲಿಸುತ್ತಾನೆ! ನಾನು ಕನ್ನಡದಲ್ಲಿ ಯೋಚಿಸಿದೆ. ಹಿಡಿ ಮತ್ತು ಬಿಡು. ಅರ್ಥ ತದ್ವಿರುದ್ಧ, ಸದ್ದು ಹೆಚ್ಚುಕಡಿಮೆ ಒಂದೇ. ದೂರದಿಂದ ಕೂಗಿದರೆ ನಡುವಿನ ‘ಇಡ’ ಮಾತ್ರ ಉಳಿಯುತ್ತದೆ. ನನ್ನನ್ನು ಕೇಳಿದರೆ ‘ಬಿಗಿ’ಯೂ ಬೇಡ, ಅದೂ ‘ಬಿಡು’ವಿನ ನೆಂಟ. ‘ಎಳಿ’ ಮತ್ತು ‘ಸಡಿಲ’ ಎಂದಿಟ್ಟುಕೊಳ್ಳಿ. ಅಕ್ಷರದ ಲೆಕ್ಕವೂ ಬೇರೆ, ಸದ್ದೂ ಬೇರೆ. ಕನ್ನಡ ಬಿ.ಎ. ಓದಿ ಏನು ಬಂತು ಎಂದು ಕೇಳುವ ನೆಂಟರಿಗೆ ಇದೊಂದು ಉತ್ತರ.

ಇರಲಿ. ಹಗ್ಗವೇ ಬೇಡ ಎನ್ನುವವರ ಕಡೆ ಬರೋಣ. ಕನ್ನಡಿಗರಿಗೆ ಥಟ್ಟನೆ ನೆನಪಾಗುವುದು ಚಿತ್ರದುರ್ಗದ ಜ್ಯೋತಿರಾಜ್, ನಮ್ಮ ಕೋತಿರಾಜ. ಕೋಟೆಯ ಗೋಡೆಯನ್ನು ಬರಿಗೈಯಲ್ಲಿ ಹತ್ತುವುದನ್ನು ನೋಡಲು ಪ್ರವಾಸಿಗರು ಮುಗಿಬೀಳುತ್ತಾರೆ. ಅತ್ತ ಅಮೆರಿಕದ ಅಲೆಕ್ಸ್ ಹೊನೊಲ್ಡ್ 2017ರ ಜೂನ್ 3ರಂದು ಯೊಸೆಮಿಟಿಯ ಎಲ್ ಕ್ಯಾಪಿಟನ್ ಎಂಬ ಸುಮಾರು 900 ಮೀಟರಿನ ಗೋಡೆಯನ್ನು ಹಗ್ಗವಿಲ್ಲದೆ ನಾಲ್ಕು ಗಂಟೆಯೊಳಗೆ ಹತ್ತಿದರು. ಅದರ ಸಾಕ್ಷ್ಯಚಿತ್ರಕ್ಕೆ 2019ರಲ್ಲಿ ಆಸ್ಕರ್ ಬಂತು. ನೋಡಿದವರಿಗೆ ಅಂಗೈ ಬೆವರಿತು.

ಹಗ್ಗ ಬೇಡ ಎನ್ನುವವರ ವಾದ ನೇರವಾಗಿದೆ. ಪ್ರಾಣ ನನ್ನದು, ಬಿದ್ದರೆ ನಾನೇ ಬೀಳುತ್ತೇನೆ, ಹಗ್ಗದಲ್ಲಿ ಇನ್ನೊಬ್ಬನನ್ನು ಕಟ್ಟಿಹಾಕಿ ಎಳೆದುಕೊಂಡು ಹೋಗುವುದಿಲ್ಲ. ಕೇಳಲು ಬಲು ಚೆನ್ನ. ಆದರೆ ಹೊನೊಲ್ಡ್ ಆ ದಿನಕ್ಕೆ ಮೊದಲು ಅದೇ ದಾರಿಯನ್ನು ಹಗ್ಗ ಕಟ್ಟಿಕೊಂಡು ಒಂದು ವರ್ಷಕ್ಕೂ ಮಿಕ್ಕಿ ಅಭ್ಯಾಸ ಮಾಡಿದ್ದರು. ಹಗ್ಗವಿಲ್ಲದ ಆ ನಾಲ್ಕು ಗಂಟೆ ಹಗ್ಗದ ಮೇಲೆಯೇ ಕಟ್ಟಿದ್ದು. ನಮ್ಮ ಜ್ಯೋತಿರಾಜ್ 2018ರಲ್ಲಿ ಜೋಗದ ಕಮರಿಯಲ್ಲಿ ಯಾರದ್ದೋ ಶವ ಹುಡುಕಲು ಇಳಿದು ಸಿಲುಕಿದಾಗ, ಅವರನ್ನು ಹುಡುಕಲು ಬೇರೆ ಜನ ಇಳಿಯಬೇಕಾಯಿತು. ಅವರು ಇಳಿದದ್ದು ಶೋಕಿಗಲ್ಲ, ಇನ್ನೊಬ್ಬರ ಮನೆಯ ದುಃಖಕ್ಕಾಗಿ. ಆ ಬಗ್ಗೆ ನನಗೆ ಅಪಾರ ಗೌರವ. ನಾನು ಹೇಳುತ್ತಿರುವುದು ಇಷ್ಟೇ. ಬರಿಗೈಯಲ್ಲಿ ಹತ್ತುವವನಿಗೂ ಒಂದು ಹಗ್ಗ ಇರುತ್ತದೆ. ಅದರ ಇನ್ನೊಂದು ತುದಿ ಅಗ್ನಿಶಾಮಕ ದಳದ ಸಿಬ್ಬಂದಿಯ ಕೈಯಲ್ಲೋ, 108 ಆಂಬುಲೆನ್ಸಿನಲ್ಲೋ, ಸರ್ಕಾರಿ ಆಸ್ಪತ್ರೆಯ ಮೂಳೆ ವಿಭಾಗದಲ್ಲೋ ಇರುತ್ತದೆ.

2020ರಲ್ಲಿ ಈ ಮಾತು ಬಯಲಿಗೆ ಬಂತು. ಕೊರೋನಾ ಬಂದಾಗ ಆರೋಹಿಗಳು ಎರಡು ಹೋಳಾದರು. ಮನೆಯೊಳಗೆ ಕೂತವನಿಗಿಂತ ಬೆಟ್ಟದ ಗಾಳಿಯಲ್ಲಿ ಒಬ್ಬಂಟಿಯಾಗಿರುವವನು ಯಾರಿಗೆ ಸೋಂಕು ಹಚ್ಚುತ್ತಾನೆ ಎಂದು ಕೆಲವರು ಕೇಳಿದರು. ವಾದದಲ್ಲಿ ತಪ್ಪು ಹುಡುಕುವುದು ಕಷ್ಟ. ಆದರೆ ಉತ್ತರವೂ ಅಷ್ಟೇ ಗಟ್ಟಿಯಾಗಿತ್ತು. ನೀನು ಸೋಂಕು ಹಚ್ಚುವುದಿಲ್ಲ, ಒಪ್ಪೋಣ. ಬಿದ್ದು ಕಾಲು ಮುರಿದುಕೊಂಡರೆ ಹಾಸಿಗೆ ಹಿಡಿಯುತ್ತೀಯಲ್ಲ? ನಿನ್ನನ್ನು ಹೊತ್ತು ತರುವ ನಾಲ್ವರು ಒಬ್ಬರಿಗೊಬ್ಬರು ಆತುಕೊಂಡೇ ಬರಬೇಕಲ್ಲ? ಬ್ರಿಟನ್ನಿನ ಪರ್ವತಾರೋಹಣ ಮಂಡಳಿ ಆ ಮಾರ್ಚಿನಲ್ಲಿ ಎಲ್ಲರೂ ಮನೆಯಲ್ಲಿರಿ ಎಂದು ಕೇಳಿಕೊಂಡಿತು. ನೇಪಾಳ ಆ ವಸಂತದಲ್ಲಿ ಎವರೆಸ್ಟನ್ನೇ ಮುಚ್ಚಿತು.

ಇಲ್ಲಿ ಹಗ್ಗದ್ದೇ ಒಂದು ಸ್ವಾರಸ್ಯವಿದೆ, ನಾವು ಹೊರಗಿನವರು ಊಹಿಸಲೂ ಆಗದ್ದು. ಲೀಡ್ ಹತ್ತುವವನು ಮುಂದಿನ ಬೋಲ್ಟಿಗೆ ಹಗ್ಗ ಸಿಕ್ಕಿಸಬೇಕು. ಒಂದು ಕೈ ಬಂಡೆಯ ಮೇಲೆ. ಇನ್ನೊಂದು ಕೈಯಿಂದ ಕೆಳಗಿನ ಹಗ್ಗವನ್ನು ಮೇಲಕ್ಕೆಳೆಯುತ್ತಾನೆ. ಒಂದು ಎಳೆತಕ್ಕೆ ಸಾಲದು. ಆಗೇನು ಮಾಡುತ್ತಾನೆ? ಎಳೆದಷ್ಟನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ಮತ್ತೆ ಎಳೆಯುತ್ತಾನೆ! ಒಂದೇ ಹಗ್ಗ, ಸರದಿಯ ಮೇಲೆ ಹತ್ತು ಜನರ ಬಾಯಿ. ಮುಖಗವಸಿನ ಕಾಲದಲ್ಲಿ ಇದನ್ನು ಏನು ಮಾಡುವುದು? ಸ್ಯಾನಿಟೈಸರ್ ಸುರಿಯೋಣ ಎಂದರೆ ಹಗ್ಗದ ಎಳೆಗೆ ರಾಸಾಯನಿಕ ಎಂದರೆ ಭಯ. ಬ್ಲೀಚಿಂಗ್ ದ್ರಾವಣವಂತೂ ಕೂಡದು. ಕಂಪನಿಗಳು ಹೇಳಿದ ಉಪಾಯ ನಮ್ಮಜ್ಜಿಯ ಮಡಿಯಂತಿತ್ತು. ಸಾಮಾನನ್ನು ಮೂರು ದಿನ ಮುಟ್ಟದೆ ಒಂದು ಕಡೆ ಇಡಿ, ಇಲ್ಲವೇ ಸೋಪಿನ ನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಿ. ಕೈಗೆ ಹಚ್ಚುವ ಪುಡಿಯ ಬದಲು ಆಲ್ಕೋಹಾಲು ಬೆರೆತ ದ್ರವವನ್ನು ಬಳಸಿ ಎಂದು ಗೋಡೆ ಕಟ್ಟಿಸಿ ಕಲಿಸುವ ಕೇಂದ್ರಗಳು ಹೇಳಿದವು. ಹಲ್ಲಿನಿಂದ ಹಗ್ಗ ಕಚ್ಚುವ ಅಭ್ಯಾಸ ಮೊದಲಿನಿಂದಲೂ ಕೆಟ್ಟದ್ದೇ ಎನ್ನುವ ಗುರುಗಳು ಇದ್ದರು. ಬಾಯಲ್ಲಿ ಹಗ್ಗ ಇದ್ದಾಗ ಬಿದ್ದರೆ ಹಲ್ಲು ಹೋಗುತ್ತದೆ ಎಂಬ ಕಾರಣಕ್ಕೆ! ಅವರ ಮಾತಿಗೆ ಆಗ ಬೆಲೆ ಬಂತು.

2021ರಲ್ಲಿ ನೇಪಾಳ ಮತ್ತೆ ಬಾಗಿಲು ತೆರೆದು ಎವರೆಸ್ಟಿಗೆ 408 ಪರವಾನಗಿ ಕೊಟ್ಟಿತು, ಅಲ್ಲಿಯವರೆಗಿನ ದಾಖಲೆ. ಏಪ್ರಿಲಿನಲ್ಲೇ ಬೇಸ್ ಕ್ಯಾಂಪಿನಲ್ಲಿ ಸೋಂಕು ಕಾಣಿಸಿತು. ಸರ್ಕಾರ ಒಪ್ಪಿಕೊಳ್ಳಲಿಲ್ಲ. ಒಬ್ಬ ವಿದೇಶಿಗೆ ಆಗ 11,000 ಡಾಲರ್ ಶುಲ್ಕ. ಒಪ್ಪಿಕೊಂಡರೆ ಅಷ್ಟೂ ಹೋಗುತ್ತದೆ. ಆಸ್ಟ್ರಿಯಾದ ಲೂಕಸ್ ಫುರ್ಟೆನ್‌ಬಾಕ್ ತನ್ನ ತಂಡವನ್ನು ಅರ್ಧದಲ್ಲೇ ವಾಪಸು ಕರೆದೊಯ್ದರು. ಉಳಿದವರು ಹತ್ತಿದರು. ಅದೇ ವಾರಗಳಲ್ಲಿ ಕಠ್ಮಂಡುವಿನ ಆಸ್ಪತ್ರೆಗಳಲ್ಲಿ ಆಮ್ಲಜನಕಕ್ಕೆ ಪರದಾಟ. ಬೆಟ್ಟದ ಮೇಲೆ ಸಿಲಿಂಡರುಗಳ ಸಾಲು! ಇಷ್ಟಾದ ಮೇಲೂ ಬೆಟ್ಟಕ್ಕೂ ರಾಜಕೀಯಕ್ಕೂ ಸಂಬಂಧವಿಲ್ಲ ಎನ್ನುವವರಿಗೆ ಏನು ಹೇಳೋಣ?

ಸಾರ್ವಜನಿಕ ಆರೋಗ್ಯದ ಮಾತು ಬಂದ ಮೇಲೆ ಬೇಗಂಪೇಟೆಯನ್ನು ದಾಟಿ ಹೋಗುವ ಹಾಗಿಲ್ಲ. 1897ರ ಆಗಸ್ಟ್ 20ರಂದು ರೊನಾಲ್ಡ್ ರಾಸ್ ಮಲೇರಿಯಾದ ಜೀವಾಣುವನ್ನು ಸೊಳ್ಳೆಯ ಹೊಟ್ಟೆಯಲ್ಲಿ ಕಂಡದ್ದು ನಮ್ಮ ಇದೇ ಬೇಗಂಪೇಟೆಯಲ್ಲಿ. ಹಳೆಯ ವಿಮಾನ ನಿಲ್ದಾಣದ ಬಳಿ ಆ ಕಟ್ಟಡ ಈಗಲೂ ಇದೆ. 1902ರಲ್ಲಿ ನೊಬೆಲ್ ಬಂತು. ಇದಕ್ಕೂ ಬಂಡೆಗೂ ಒಂದು ಎಳೆ ಇದೆ. ಕಲ್ಲುಗಣಿಯಲ್ಲಿ ಬಂಡೆ ಸಿಡಿಸಿ ತೆಗೆದ ಮೇಲೆ ಉಳಿಯುವ ಗುಂಡಿಗಳಲ್ಲಿ ಮಳೆನೀರು ನಿಲ್ಲುತ್ತದೆ. ನಿಂತ ನೀರಿನಲ್ಲಿ ಸೊಳ್ಳೆ. ಸಿಡಿಸುವಾಗ ಎದ್ದ ದೂಳು ಇನ್ನೂ ಕೆಟ್ಟದ್ದು. ಗ್ರಾನೈಟಿನ ಸಿಲಿಕಾ ದೂಳು ಶ್ವಾಸಕೋಶಕ್ಕೆ ಇಳಿದರೆ ಸಿಲಿಕೋಸಿಸ್. ಬಂದರೆ ಗುಣವಾಗುವುದಿಲ್ಲ. ನೀರು ಹಾಯಿಸುತ್ತಾ ಕೊರೆದರೆ ದೂಳು ಬಹಳ ಕಡಿಮೆಯಾಗುತ್ತದೆ, ಆದರೆ ನೀರು ಹಾಯಿಸುವವರು ಯಾರು?

ಈ ಊರಿನ ಅಂಚಿನಲ್ಲಿ, ನಮ್ಮ ಕರ್ನಾಟಕದ ಗಣಿಗಳಲ್ಲಿ, ಸೊಂಟಕ್ಕೆ ಹಗ್ಗ ಸುತ್ತಿಕೊಂಡು ಕಲ್ಲಿನ ಮುಖದ ಮೇಲೆ ನಿಂತು ಕೊರೆಯುವವರನ್ನು ನೀವೂ ಬಸ್ಸಿನ ಕಿಟಕಿಯಿಂದ ನೋಡಿರುತ್ತೀರಿ. ಇಲ್ಲಿ ವಡ್ಡೆರರು, ಅಲ್ಲಿ ಭೋವಿಗಳು, ತಲೆಮಾರುಗಳಿಂದ ಕಲ್ಲಿನ ಕೆಲಸದವರು. ಹಾರ್ನೆಸ್ ಇಲ್ಲ, ಗ್ರಿಗ್ರಿ ಇಲ್ಲ. ಬೋಲ್ಟ್ ಹಾಕಲು ಬೆರಳಗಲದ ತೂತು ಕೊರೆಯುವ ಆರೋಹಿ ಮೂಗಿಗೆ ಮಾಸ್ಕ್ ಕಟ್ಟುತ್ತಾನೆ. ದಿನವಿಡೀ ಕೊರೆಯುವವರಿಗೆ ಹೆಗಲ ಟವೆಲ್ಲೇ ಮಾಸ್ಕ್. ಬಂಡೆ ಉಳಿಸಿ ಎಂದು ಹೋರಾಡುವ ಆರೋಹಿಗಳನ್ನು ನಾನು ಮೆಚ್ಚುತ್ತೇನೆ. ಹೈದರಾಬಾದಿನಲ್ಲಿ 1996ರಿಂದ ‘ಸೊಸೈಟಿ ಟು ಸೇವ್ ರಾಕ್ಸ್’ ಎಂಬ ಸಂಸ್ಥೆ ಈ ಕೆಲಸ ಮಾಡುತ್ತಾ ಬಂದಿದೆ. ಆದರೆ ಕಲ್ಲು ಒಡೆಯುವವನನ್ನು ಶತ್ರುವಿನ ಸಾಲಿಗೆ ಸೇರಿಸುವ ಮಾತು ಕೇಳಿದಾಗ ಕಸಿವಿಸಿಯಾಗುತ್ತದೆ. ಗುತ್ತಿಗೆ ಅವನದ್ದಲ್ಲ, ಲಾಭ ಅವನದ್ದಲ್ಲ, ಕೆಮ್ಮು ಮಾತ್ರ ಅವನದ್ದು.

ಈಗ ರಾಮನಗರ. ‘ಶೋಲೆ’ಯ ರಾಮಗಢ ಎಂದರೆ ಎಲ್ಲರಿಗೂ ಗೊತ್ತು. ಬೆಂಗಳೂರಿನ ಆರೋಹಿಗಳಿಗೆ ಅದು ತವರು. ಅಲ್ಲಿನ ರಾಮದೇವರ ಬೆಟ್ಟದ ಗೋಡೆಗಳಲ್ಲಿ ಉದ್ದಕೊಕ್ಕಿನ ರಣಹದ್ದುಗಳು ಗೂಡು ಕಟ್ಟುತ್ತವೆ. 2012ರಲ್ಲಿ ಸುಮಾರು 346 ಹೆಕ್ಟೇರನ್ನು ರಣಹದ್ದು ಅಭಯಾರಣ್ಯವೆಂದು ಘೋಷಿಸಲಾಯಿತು. ದೇಶದಲ್ಲೇ ಮೊದಲನೆಯದು. ಅಲ್ಲಿ ಹಗ್ಗ ಕಟ್ಟುವುದು ನಿಂತಿತು. ಕೆಲವು ಆರೋಹಿಗಳಿಗೆ ಇಂದಿಗೂ ಆ ನೋವಿದೆ. ದೇವಸ್ಥಾನಕ್ಕೆ ಸಾವಿರಾರು ಜನ ಬರಬಹುದು, ಸದ್ದಿಲ್ಲದೆ ಹತ್ತುವ ನಾಲ್ವರು ಬರಬಾರದೇ ಎಂದು ಅವರು ಕೇಳುತ್ತಾರೆ. ಪ್ರಶ್ನೆ ನ್ಯಾಯವೇ. ಆದರೆ ಭಕ್ತರು ನಡೆಯುವುದು ಮೆಟ್ಟಿಲಿನ ಮೇಲೆ, ಆರೋಹಿ ಹೋಗುವುದು ಗೂಡಿರುವ ಗೋಡೆಗೇ.

ಹದ್ದಿಗಾಗಿ ಇಷ್ಟೇಕೆ ಎನ್ನುವಿರಾ? ದನಗಳ ನೋವಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ಔಷಧಿ, ಸತ್ತ ದನದ ಮಾಂಸದ ಮೂಲಕ ರಣಹದ್ದಿನ ಹೊಟ್ಟೆ ಸೇರಿ ಅದರ ಮೂತ್ರಪಿಂಡವನ್ನು ಕೆಡಿಸುತ್ತದೆ ಎಂದು 2004ರಲ್ಲಿ ವಿಜ್ಞಾನಿಗಳು ತೋರಿಸಿದರು. ಅಷ್ಟರಲ್ಲಿ ಕೋಟಿಗಟ್ಟಲೆ ಹದ್ದುಗಳು ಹೋಗಿದ್ದವು. ಸರ್ಕಾರ 2006ರಲ್ಲಿ ದನಗಳಿಗೆ ಆ ಔಷಧಿ ನಿಷೇಧಿಸಿತು. ಹದ್ದು ಹೋದ ಮೇಲೆ ಹೆಣಗಳು ಊರಾಚೆ ಕೊಳೆತವು, ನೀರು ಕೆಟ್ಟಿತು, ಬೀದಿನಾಯಿಗಳು ಹೆಚ್ಚಿದವು, ಜೊತೆಗೆ ಹುಚ್ಚುನಾಯಿ ಕಡಿತ. ಇಯಾಲ್ ಫ್ರಾಂಕ್ ಮತ್ತು ಅನಂತ್ ಸುದರ್ಶನ್ ಎಂಬ ಅರ್ಥಶಾಸ್ತ್ರಜ್ಞರು 2024ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ 2000ದಿಂದ 2005ರವರೆಗೆ ಇದರಿಂದ ಹೆಚ್ಚುವರಿಯಾಗಿ ಸತ್ತವರು ಸುಮಾರು ಐದು ಲಕ್ಷ ಜನ. ಐದು ಲಕ್ಷ! ಬಂಡೆಯ ಬಿರುಕಿನಲ್ಲಿ ಕೂತ ಒಂದು ಬೋಳುತಲೆಯ ಹಕ್ಕಿ ನಮ್ಮ ಆರೋಗ್ಯ ಇಲಾಖೆಯ ಸಂಬಳವಿಲ್ಲದ ನೌಕರನಾಗಿತ್ತು. ಹಾಗಾಗಿ ಆ ಒಂದು ಬೆಟ್ಟವನ್ನು ಬಿಟ್ಟುಕೊಡಿ ಎಂದೇ ನಾನು ಹೇಳುವುದು. ಸುತ್ತ ಬೇರೆ ಬೆಟ್ಟಗಳಿವೆ.

ಬಾದಾಮಿಯಲ್ಲಿ ವಾದ ಬೇರೆ ರೀತಿಯದು. ಅಲ್ಲಿನದು ಗ್ರಾನೈಟ್ ಅಲ್ಲ, ಕೆಂಪು ಮರಳುಗಲ್ಲು. ಅಂಚುಗಳು ಅಚ್ಚುಕಟ್ಟು, ಹಿಡಿತ ಚೆನ್ನ. ಹೊರದೇಶದವರೂ ಬಂದು ಹತ್ತುತ್ತಾರೆ. ಫ್ರಾನ್ಸಿನ ಅಲೆಕ್ಸಾಂಡರ್ ಶಾಬೋ ಹತ್ತಿದ ‘ಗಣೇಶ’ ಎಂಬ ದಾರಿ ದೇಶದ ಕಷ್ಟದ ದಾರಿಗಳಲ್ಲೊಂದು. ಮೊಳೆ ಹೊಡೆಯದೆ ಅಂಥ ದಾರಿಯಲ್ಲಿ ಹಗ್ಗ ಸಿಕ್ಕಿಸಲಾಗದು. ಆದರೆ ಅದೇ ಕಲ್ಲಿನಲ್ಲಿ ಅನತಿ ದೂರದಲ್ಲಿ ಚಾಲುಕ್ಯರು ಗುಹೆ ಕೊರೆಸಿದ್ದಾರೆ, ಮೂರನೇ ಗುಹೆಯ ಶಾಸನ ಕ್ರಿ.ಶ. 578ರದ್ದು. ಮೊಳೆ ಎಲ್ಲಿಯವರೆಗೆ, ಶಿಲ್ಪ ಎಲ್ಲಿಂದ? ಸುಮ್ಮನೆ ಬಿಟ್ಟ ಬಂಡೆಯಲ್ಲಿ ಬೋಲ್ಟು ಇರಲಿ, ಅದೂ ತುಕ್ಕು ಹಿಡಿಯದ ಒಳ್ಳೆಯ ಉಕ್ಕಿನದು. ಕಳಪೆ ಬೋಲ್ಟು ಬಂಡೆಯನ್ನೂ ಕೆಡಿಸುತ್ತದೆ, ಮುಂದೆ ಬಂದು ನೇತಾಡುವವನನ್ನೂ. ಗುಹೆಗಳ ಬಳಿ ಮಾತ್ರ ಪುರಾತತ್ವ ಇಲಾಖೆಯ ಗೆರೆ ದಾಟಕೂಡದು. ಇದು ನನ್ನ ಅಭಿಪ್ರಾಯ.

ಹಂಪಿಯಲ್ಲಿ ಹಗ್ಗದ ಗೊಡವೆಯೇ ಇಲ್ಲ. ಗುಂಡುಗಳು ಕುಳ್ಳ, ಕೆಳಗೆ ದಪ್ಪ ಹಾಸಿಗೆ ಹಾಕಿ ಹತ್ತುತ್ತಾರೆ. ಕ್ರಿಸ್ ಶರ್ಮಾ ಎಂಬ ಅಮೆರಿಕದ ಆರೋಹಿ ಇಲ್ಲಿ ಹತ್ತಿದ್ದನ್ನು ತೋರಿಸುವ ‘ಪಿಲ್‌ಗ್ರಿಮೇಜ್’ ಚಿತ್ರ 2003ರಲ್ಲಿ ಬಂದ ಮೇಲೆ ಜಗತ್ತಿನ ಹುಡುಗರೆಲ್ಲ ತುಂಗಭದ್ರೆ ದಾಟಿ ವಿರೂಪಾಪುರ ಗಡ್ಡೆಗೆ ಬಂದು ಬಿಡಾರ ಹೂಡತೊಡಗಿದರು. ಗದ್ದೆಯ ನಡುವೆ ವಸತಿಗೃಹಗಳು ಎದ್ದವು. ಪ್ರಾಧಿಕಾರ ಅಕ್ರಮ ಎಂದಿತು. ಪ್ರಕರಣ ವರ್ಷಗಟ್ಟಲೆ ನಡೆದು, 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ತೆರವು ಸರಿ ಎಂದಿತು. ಮಾರ್ಚಿನ ಮೊದಲ ವಾರ ಜೆಸಿಬಿಗಳು ಬಂದವು. ಆ ತಿಂಗಳ ಕೊನೆಗೆ ಲಾಕ್‌ಡೌನ್. ಆರೋಹಿಗಳು ಹಾಸಿಗೆ ಮಡಚಿ ಹೊರಟರು. ಅಡುಗೆ ಮಾಡುತ್ತಿದ್ದ, ಹಾಸಿಗೆ ಬಾಡಿಗೆಗೆ ಕೊಡುತ್ತಿದ್ದ ಊರಿನವರು ಎಲ್ಲಿಗೆ ಹೋಗಬೇಕು? ತೀರ್ಪಿನ ಬಗ್ಗೆ ನನಗೆ ತಕರಾರಿಲ್ಲ. 1999ರಿಂದ 2006ರವರೆಗೆ ಹಂಪಿ ಯುನೆಸ್ಕೋದ ಅಪಾಯದ ಪಟ್ಟಿಯಲ್ಲಿತ್ತು ಎನ್ನುವುದು ನೆನಪಿರಬೇಕು. ಆದರೆ ನೇತಾಡಿ ಹೋದವರಲ್ಲಿ ಎಷ್ಟು ಮಂದಿ ಆ ಅಡುಗೆಯವರ ಪರವಾಗಿ ಒಂದು ಮಾತಾಡಿದರು?

ರಾಜಕೀಯ ಬೇಡ ಎನ್ನುವವರಿಗೆ ತಮ್ಮ ಬಂಡೆಗೇ ಕುತ್ತು ಬಂದಾಗ ಮಾತ್ರ ರಾಜಕೀಯ ನೆನಪಾಗುತ್ತದೆ. 2021ರಲ್ಲಿ ಬೆಂಗಳೂರಿನ ತುರಹಳ್ಳಿಯ ಕುರುಚಲು ಕಾಡನ್ನು ಉದ್ಯಾನ ಮಾಡಲು ಹೊರಟಾಗ ಊರಿನವರು, ಸೈಕಲ್ಲಿನವರು, ಆರೋಹಿಗಳು ಎಲ್ಲ ಸೇರಿ ವಿರೋಧಿಸಿದರು. 2025ರಲ್ಲಿ ನಮ್ಮ ಕಂಚ ಗಚ್ಚಿಬೌಲಿಯ 400 ಎಕರೆಗೆ ಬುಲ್ಡೋಜರ್ ನುಗ್ಗಿದಾಗ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಅಡ್ಡ ನಿಂತರು. ಅಣಬೆಯಾಕಾರದ ಬಂಡೆಯಿರುವ ಜಾಗ ಅದು. ಏಪ್ರಿಲ್ 3ರಂದು ಸುಪ್ರೀಂ ಕೋರ್ಟ್ ಮರ ಕಡಿಯುವುದನ್ನು ತಡೆಯಿತು. ಅಲ್ಲಿ ನಿಂತವರಲ್ಲಿ ಬಹುಪಾಲು ಜನ ಜನ್ಮದಲ್ಲಿ ಹಾರ್ನೆಸ್ ಕಟ್ಟಿದವರಲ್ಲ.

ಕೊನೆಗೆ ಭುವನಗಿರಿ. ಭೋನ್‌ಗಿರ್ ಎಂದೂ ಕರೆಯುತ್ತಾರೆ. ಇಲ್ಲಿಂದ ಐವತ್ತು ಕಿಲೋಮೀಟರ್ ಆಸುಪಾಸು. ಒಂದೇ ಕಲ್ಲಿನ ಬೆಟ್ಟ, ಮೇಲೆ ಕೋಟೆ. ನಿಜಾಮಾಬಾದ್ ಕಡೆಯ ಪಾಕಾಲ ಎಂಬ ಹಳ್ಳಿಯ ಕೂಲಿ ಕುಟುಂಬದ ಹುಡುಗಿ ಮಾಲಾವತ್ ಪೂರ್ಣ ಮೊದಲು ಹಗ್ಗ ಹಿಡಿದದ್ದು ಈ ಬಂಡೆಯ ಮೇಲೆ. ಸರ್ಕಾರದ ಸಮಾಜ ಕಲ್ಯಾಣ ವಸತಿ ಶಾಲೆಯ ವಿದ್ಯಾರ್ಥಿನಿ. 2014ರ ಮೇ 25ರಂದು ಎವರೆಸ್ಟ್ ತುದಿಯಲ್ಲಿ ನಿಂತಾಗ ವಯಸ್ಸು 13 ವರ್ಷ 11 ತಿಂಗಳು. ಜೊತೆಗೆ ಖಮ್ಮಂ ಕಡೆಯ ಆನಂದ್ ಕುಮಾರ್. ತೆಲಂಗಾಣ ರಾಜ್ಯ ಹುಟ್ಟಲು ಇನ್ನೂ ಒಂದು ವಾರವಿತ್ತು!

ಆರೋಹಿಗಳಲ್ಲಿ ಇದರ ಬಗ್ಗೆಯೂ ಜಗಳ. ನೇಪಾಳದ ಕಡೆಯಿಂದ ಹದಿನಾರು ತುಂಬದವರನ್ನು ಬಿಡುವುದಿಲ್ಲ, ಹಾಗಾಗಿ ಟಿಬೆಟ್ ಕಡೆಯಿಂದ ಹತ್ತಿಸಿದರು. ಬೆಳೆಯುವ ದೇಹವನ್ನು ಆ ಎತ್ತರಕ್ಕೆ ಒಡ್ಡಬಹುದೇ ಎಂದು ಕೆಲವರ ಆಕ್ಷೇಪ. ಸರ್ಕಾರ ಹೆಸರಿಗಾಗಿ ಮಗುವನ್ನು ಪಣಕ್ಕಿಟ್ಟಿತು ಎಂದು ಇನ್ನು ಕೆಲವರು. ಹಿಂದೆ ನಿಂತಿದ್ದ ಐಪಿಎಸ್ ಅಧಿಕಾರಿ ಆರ್.ಎಸ್. ಪ್ರವೀಣ್ ಕುಮಾರ್ 2021ರಲ್ಲಿ ಹುದ್ದೆ ಬಿಟ್ಟು ರಾಜಕೀಯಕ್ಕೇ ಇಳಿದಾಗ, ನೋಡಿ ನಾವು ಹೇಳಲಿಲ್ಲವೇ ಎಂದವರೂ ಉಂಟು. ವಯಸ್ಸಿನ ಆಕ್ಷೇಪ ನನಗೂ ಸರಿ ಎನಿಸುತ್ತದೆ. ಆದರೆ ಶ್ರೀಮಂತರ ಮಗು ಆ ವಯಸ್ಸಿನಲ್ಲಿ ಹತ್ತಿದ್ದರೆ ಅದನ್ನು ಯಾರೂ ರಾಜಕೀಯ ಎನ್ನುತ್ತಿರಲಿಲ್ಲ ಎನ್ನುವುದೂ ನಿಜ. ಹಗ್ಗ, ಬೂಟು, ತರಬೇತಿ ಇವೆಲ್ಲ ಸಂಬಳವಂತರ ಸರಕು. ವಸತಿ ಶಾಲೆಯ ಮಕ್ಕಳ ಕೈಗೆ ಅದು ಬಂದದ್ದು ಸರ್ಕಾರದ ದುಡ್ಡಿನಿಂದ. ಪೂರ್ಣ 2022ರ ಹೊತ್ತಿಗೆ ಏಳು ಖಂಡಗಳ ಎತ್ತರದ ಶಿಖರಗಳನ್ನೂ ಮುಗಿಸಿದಳು.

ಅದೇ 2014ರ ಏಪ್ರಿಲ್ 18ರಂದು ಬೆಟ್ಟದ ಇನ್ನೊಂದು ಮಗ್ಗುಲಲ್ಲಿ, ಖುಂಬು ಹಿಮಪಾತದಲ್ಲಿ, 16 ಮಂದಿ ನೇಪಾಳಿ ಕೆಲಸಗಾರರು ನೀರ್ಗಲ್ಲಿನಡಿ ಸಿಕ್ಕಿ ಸತ್ತರು. ಗಿರಾಕಿಗಳು ಹಿಡಿದು ಹತ್ತಬೇಕಾದ ಹಗ್ಗ, ಏಣಿ, ಸಿಲಿಂಡರುಗಳ ದಾರಿ ಮಾಡುವ ಜನ. ಸರ್ಕಾರ ಮೊದಲು ಘೋಷಿಸಿದ ಪರಿಹಾರ 40,000 ನೇಪಾಳಿ ರೂಪಾಯಿ. ಶೆರ್ಪಾಗಳು ಹಗ್ಗ ಕೆಳಗಿಟ್ಟರು. ಆ ವರ್ಷ ಆ ಕಡೆಯ ಆರೋಹಣ ಬಹುತೇಕ ನಿಂತೇಹೋಯಿತು. ಮುಷ್ಕರ ಹೂಡಿದವರನ್ನು ಬೈದ ಗಿರಾಕಿಗಳೂ ಇದ್ದರಂತೆ. ಲಕ್ಷಾಂತರ ಖರ್ಚು ಮಾಡಿ ಬಂದಿದ್ದೇವೆ ಎಂದು!

ಮಾತು ಉದ್ದವಾಯಿತು. ಬಂಡೆ ಹತ್ತಲು ಮನಸ್ಸಾದವರಿಗೆ ಒಂದು ಕಿವಿಮಾತು. ಇದನ್ನು ರೇಡಿಯೋದಲ್ಲಿ ಹೇಳಲು ಸಮಯ ಸಾಲಲಿಲ್ಲ. ಹಗ್ಗ ಕೊಂಡು ತಂದವರು ಅದನ್ನು ಮನೆಯ ಇನ್ವರ್ಟರ್ ಪಕ್ಕದಲ್ಲಾಗಲಿ, ಕಾರಿನ ಡಿಕ್ಕಿಯಲ್ಲಿ ಹಳೆಯ ಬ್ಯಾಟರಿಯ ಜೊತೆಗಾಗಲಿ ಇಡಬೇಡಿ. ಬ್ಯಾಟರಿಯ ಆಮ್ಲದ ಹಬೆ ತಗುಲಿದರೂ ನೈಲಾನ್ ಒಳಗೊಳಗೇ ಸಾಯುತ್ತದೆ. ಬಣ್ಣ ಮಾಸುವುದಿಲ್ಲ, ಎಳೆ ಕಿತ್ತುಬರುವುದಿಲ್ಲ, ಮುಟ್ಟಿದರೂ ಗೊತ್ತಾಗುವುದಿಲ್ಲ. ಬೇರೆಯವರ ಹಗ್ಗ ಕಟ್ಟಿಕೊಳ್ಳುವ ಮುಂಚೆ ಅದನ್ನು ಎಲ್ಲಿಟ್ಟಿದ್ದರು ಎಂದು ಕೇಳಿ. ಕೇಳಲು ಸಂಕೋಚ ಬೇಡ.

ನಿಮ್ಮಲ್ಲಿ ಯಾರಾದರೂ ಕಲ್ಲುಗಣಿಯಲ್ಲಿ, ಬಾವಿಯಲ್ಲಿ, ತೆಂಗಿನ ತೋಟದಲ್ಲಿ, ಬಂಡೆಯಲ್ಲಿ ಇನ್ನೊಬ್ಬರ ಹಗ್ಗ ಹಿಡಿದವರಿದ್ದರೆ ಕಾರ್ಯಕ್ರಮದ ವಿಳಾಸಕ್ಕೆ ಪತ್ರ ಬರೆಯಿರಿ. ನಿಮ್ಮ ಕಡೆ ಕೂಗುವ ಪದಗಳು ಯಾವುವು ಎನ್ನುವುದನ್ನೂ ಮರೆಯದೆ ಸೇರಿಸಿ. ಒಳ್ಳೆಯವನ್ನು ಗಾಳಿಯಲ್ಲಿ ಓದುತ್ತೇನೆ.